ಇಟಲಿ ದೊರೆಯ ಹಣೆ

ಮೊದಲೇ ಹೇಳಿಬಿಡುತ್ತೇನೆ, ಆ ಕೆಂಪು ಕಲೆ ಮಾಡಿದ್ದು ನಾನಲ್ಲ. ಈಗ ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಆದ್ದರಿಂದ ಎಲ್ಲ ಮರೆತವಳ ಹಾಗೆ, ತಣ್ಣಗೆ ಕೂತು ನೆನಪಿಸಿಕೊಳ್ಳುವ ನಾಟಕ ಆಡುವುದಿಲ್ಲ. ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಉಬಿ ಎಂಬ ಕೈಗಾರಿಕೆಯ ಬಡಾವಣೆಯಲ್ಲಿ, ಕಾರು ರಿಪೇರಿ ಮಾಡುವವರ ಗದ್ದಲದ ಮೇಲೆ ಮೂರನೇ ಮಹಡಿಯಲ್ಲಿ, ಚಿತ್ರಗಳಿಗೆ ಫ್ರೇಮ್ ಹಾಕುವ, ಹಳೇ ಕಾಗದವನ್ನು ಸರಿಮಾಡಿಕೊಡುವ ಒಂದು ವರ್ಕ್‌ಶಾಪ್ ಇದೆ. ಅಲ್ಲಿ ನಾನು ಮೂರು ವರ್ಷದಿಂದ ಕೆಲಸ ಕಲಿಯುತ್ತಿದ್ದೆ. ನಮ್ಮ ಬಾಸ್ ಎಪ್ಪತ್ತರ ಹತ್ತಿರದ ಚೀನೀ ಮನುಷ್ಯ. ಮಾತು ಕಮ್ಮಿ, ಕಣ್ಣು ಚುರುಕು. ಕೈ ಸ್ವಲ್ಪ ನಡುಗಲು ಶುರುವಾದ ಮೇಲೆ ಅವರು ಒಂದು ದಿನ ನನ್ನನ್ನು ಕರೆದು, ಈ ವರ್ಷ ಮುಗಿಯುವುದರೊಳಗೆ ಪೇಪರ್ ರೂಮನ್ನು ಪೂರ್ತಿ ನಿನಗೆ ಬಿಟ್ಟುಕೊಡುತ್ತೇನೆ, ನಾನು ಫ್ರೇಮ್ ಕಡೆ ಮಾತ್ರ ನೋಡಿಕೊಳ್ಳುತ್ತೇನೆ ಎಂದಿದ್ದರು. ಅದಕ್ಕೆ ಮುಂಚೆ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಾನೊಬ್ಬಳೇ ಮಾಡಿ ತೋರಿಸಬೇಕು. ಅಷ್ಟೇ ಷರತ್ತು. ಇಪ್ಪತ್ತೊಂಬತ್ತು ವರ್ಷಕ್ಕೆ ನನ್ನದು ಅಂತ ಹೇಳಿಕೊಳ್ಳುವ ಒಂದು ಕೋಣೆ, ಒಂದು ಉದ್ದದ ಮೇಜು. ನನಗೆ ಬೇರೇನೂ ಬೇಕಿರಲಿಲ್ಲ.

ಆ ಕೆಲಸ ಬಂದದ್ದು ಒಬ್ಬ ಅಂಕಲ್ ಕೈಯಿಂದ. ಅಂಕಲ್ ಅಂದರೆ ನೆಂಟರಲ್ಲ. ಅಪ್ಪ ಮೈಸೂರಿನಿಂದ ಈ ದೇಶಕ್ಕೆ ಬಂದ ಹೊಸದರಲ್ಲಿ ಮನೆ ಹುಡುಕಿಕೊಟ್ಟವರು, ನಾನು ಹುಟ್ಟಿದಾಗ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದವರು. ಇದನ್ನು ನಮ್ಮ ಮನೆಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಸೆರಂಗೂನ್‌ನಲ್ಲಿ ದೊಡ್ಡ ಕಾಂಡೋ ಫ್ಲ್ಯಾಟ್. ಬ್ಯಾಂಕಿನ ಗೋಡೆಗಳಿಗೆ ಬೇಕಾದ ಚಿತ್ರಗಳ ಫ್ರೇಮ್ ಕೆಲಸವೆಲ್ಲ ಅವರ ಮಾತಿನ ಮೇಲೆ ನಮ್ಮ ವರ್ಕ್‌ಶಾಪಿಗೇ ಬರುತ್ತಿತ್ತು. ಯುರೋಪಿಗೆ ಹೋದಾಗ ಹರಾಜಿನಲ್ಲಿ ಒಂದು ಹಳೇ ಅಚ್ಚುಚಿತ್ರ ಕೊಂಡು ತಂದಿದ್ದರು. "ಕ್ಲೀನ್ ಮಾಡಿ ಫ್ರೇಮ್ ಹಾಕ್ಸ್ಬೇಕು. ನಮ್ ಹುಡುಗೀನೇ ಮಾಡ್ಲಿ, ನನಗೆ ಕಾನ್ಫಿಡೆನ್ಸ್ ಇದೆ" ಎಂದರು. ಅಮ್ಮ ಆ ಮಾತನ್ನು ಒಂದು ವಾರ ಎಲ್ಲರಿಗೂ ಫೋನಿನಲ್ಲಿ ಹೇಳಿದಳು.

ಚಿತ್ರದಲ್ಲಿದ್ದವನು ಯಾವನೋ ಇಟಲಿಯ ಕೌಂಟ್. ಇನ್ನೂರು ವರ್ಷದ ಹಿಂದಿನ ದೊರೆ. ಕೆತ್ತಿದವನೂ ಇಟಲಿಯವನೇ. ತಾಮ್ರದ ತಗಡಿನ ಮೇಲೆ ಚೂಪು ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಶಾಯಿ ತುಂಬಿ, ಒದ್ದೆ ಕಾಗದ ಒತ್ತಿ ತೆಗೆದ ಅಚ್ಚು ಅದು. ಆಗ ಅಲ್ಲಿ ಎಲ್ಲರಿಗೂ ಹಳೇ ರೋಮಿನ ಹುಚ್ಚು. ನಿಯೋ-ಕ್ಲಾಸಿಕಲ್ ಕಾಲ. ಹಾಗಾಗಿ ದೊರೆಯನ್ನು ಅಮೃತಶಿಲೆಯ ಮೂರ್ತಿಯ ಹಾಗೆ ಒಂದು ಅಂಡಾಕಾರದ ಕಿಂಡಿಯಲ್ಲಿ ಕೂರಿಸಿ, ಕೆಳಗೆ ಶಾಸನದ ಕಲ್ಲಿನಂಥ ಪಟ್ಟಿ ಬರೆದು, ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಅವನ ಹೆಸರು, ಬಿರುದು, ಇನ್ನೊಂದು ಬಿರುದು. ಕೆತ್ತಿದವನ ಹೆಸರು ಬಲಗಡೆ ಮೂಲೆಯಲ್ಲಿ, ಭೂತಗನ್ನಡಿ ಹಿಡಿಯದೆ ಕಾಣದಷ್ಟು ಸಣ್ಣಗೆ. ಮೊದಲ ದಿನವೇ ನನಗೆ ದೊರೆಯ ಮೇಲೆ ಸಿಟ್ಟು ಬಂತು. ಅವನು ಮಾಡಿದ್ದೇನು? ಕೋಟು ಹಾಕಿಕೊಂಡು ಕೂತಿದ್ದ.

ಆದರೆ ಕೆತ್ತನೆಯ ಮಾತೇ ಬೇರೆ. ಕೆನ್ನೆಯ ಉಬ್ಬನ್ನು ಬರೀ ಗೆರೆಗಳಿಂದ ಮಾಡಿದ್ದ. ಒಂದು ಗೆರೆ ನೆರಳಿನ ಕಡೆ ಹೋಗುತ್ತ ದಪ್ಪಗಾಗಿ, ಬೆಳಕಿನ ಕಡೆ ಬರುತ್ತ ಕೂದಲಿಗಿಂತ ತೆಳ್ಳಗಾಗುತ್ತಿತ್ತು. ಗೆರೆಗಳು ಒಂದನ್ನೊಂದು ದಾಟಿದ ಕಡೆ ಉಳಿದ ಪುಟ್ಟ ಜಾಗದ ನಡುವೆ ಒಂದೊಂದು ಚುಕ್ಕಿ. ಇನ್ನು ಹಣೆ. ಹಣೆಯಲ್ಲಿ ಅವನು ಹೆಚ್ಚುಕಡಿಮೆ ಏನೂ ಕೆತ್ತಿರಲಿಲ್ಲ. ಸುತ್ತ ಗೆರೆಗಳನ್ನು ನಿಧಾನವಾಗಿ ನಿಲ್ಲಿಸಿ, ನಡುವೆ ಬರೀ ಕಾಗದ ಬಿಟ್ಟಿದ್ದ, ಆ ಖಾಲಿ ಕಾಗದವೇ ಬೆಳಕು ಬಿದ್ದ ಹಣೆಯಾಗಿ ಕಾಣುತ್ತಿತ್ತು. ಆ ಹಣೆ ತುಂಬ ಇನ್ನೂರು ವರ್ಷದ ಹೊಗೆ, ಕಂದು ಮಚ್ಚೆ. ಆರು ವಾರ ನಾನು ಮೃದು ಬ್ರಷ್, ರಬ್ಬರ್ ಪುಡಿ, ಶುದ್ಧ ನೀರಿನ ತಟ್ಟೆ ಹಿಡಿದುಕೊಂಡು ಅದೇ ಹಣೆಯ ಮೇಲೆ ಬಗ್ಗಿ ಕೂತಿದ್ದೆ. ಮಚ್ಚೆಯೆಲ್ಲ ಹೋಗಿ ಕಾಗದ ಕೆನೆ ಬಣ್ಣಕ್ಕೆ ತಿರುಗಿದ ದಿನ ಬಾಸ್ ಬಂದು ನಿಂತು ನೋಡಿ, "ಓಕೆ ಲಾ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನಾನು ಆ ದಿನ ಪಾಸಿರ್ ರಿಸ್‌ನ ಮನೆಗೆ ಹೋಗುವ ದಾರಿಯುದ್ದಕ್ಕೂ ಎಂಆರ್‌ಟಿ ರೈಲಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಫ್ರೇಮಿನ ಗಾಜು ಬರುವುದು ತಡವಾಯಿತು. ಅಂಕಲ್‌ಗೆ ಅವಸರ. ಶನಿವಾರ ಮನೆಯಲ್ಲಿ ಬ್ಯಾಂಕಿನವರಿಗೆ ಪಾರ್ಟಿ, ಅಷ್ಟರಲ್ಲಿ ದೊರೆ ಹಾಲ್‌ನಲ್ಲಿ ಇರಲೇಬೇಕು. ಗಾಜಿಲ್ಲದೆ ಕೊಡುವುದು ಬೇಡ ಎಂದು ನಾನು ಬಾಸ್‌ಗೆ ಹೇಳಿದೆ. ಅವರು ಕಸ್ಟಮರ್ ಮುಖ ನೋಡಿದರು. ಕೊನೆಗೆ ಚಿತ್ರವನ್ನು ದಪ್ಪ ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿ, ಮೇಲೆ ಪಾರದರ್ಶಕ ಹಾಳೆ ಅಂಟಿಸಿ ಕೊಟ್ಟೆವು. ಸೋಮವಾರ ವಾಪಸ್ ತರಬೇಕು, ಹಾಳೆ ತೆಗೆಯಬಾರದು.

"ಅಂಕಲ್, ಯಾರೂ ಮುಟ್ಬಾರ್ದು. ಬೆರಳಿನ ಎಣ್ಣೇನೂ ತಾಗ್ಬಾರ್ದು" ಎಂದೆ.

"ನಾವೇನು ಚಿಕ್ ಮಕ್ಕಳಾ ಪುಟ್ಟಿ" ಎಂದು ನನ್ನ ತಲೆ ತಟ್ಟಿ ಹೋದರು.

ಸೋಮವಾರ ನವರಾತ್ರಿಯ ಮೊದಲ ದಿನ. ಬೆಳಿಗ್ಗೆ ಅಮ್ಮ ದೀಪ ಹಚ್ಚಿ ನನ್ನ ಹಣೆಗೆ ಕುಂಕುಮ ಇಟ್ಟಿದ್ದಳು. ಪೇಪರ್ ರೂಮಿನ ನಿಯಮ ನನಗೆ ಬಾಯಿಪಾಠ: ಕ್ರೀಮ್ ಇಲ್ಲ, ಬಣ್ಣ ಇಲ್ಲ, ತಿಂಡಿ ಇಲ್ಲ. ಆ ಕೋಣೆಗೆ ಹೋಗುವ ಮುಂಚೆ ಒರೆಸಿಕೊಳ್ಳುತ್ತೇನೆ, ಮೂರು ವರ್ಷದಿಂದ ಹಾಗೇ ಮಾಡಿದ್ದೇನೆ. ಆವತ್ತು ಚೀಲ ಇಡುವುದರೊಳಗೆ ಮುಂದಿನ ಕೋಣೆಯಿಂದ ಬಾಸ್ ಕರೆದರು. ಅಂಕಲ್ ನಿಂತಿದ್ದರು. ಮೇಜಿನ ಮೇಲೆ ಚಿತ್ರ. ದೊರೆಯ ಹಣೆಯ ನಡುವೆ, ನಾನು ಆರು ವಾರ ತೊಳೆದು ಬೆಳ್ಳಗೆ ಮಾಡಿದ್ದ ಜಾಗದಲ್ಲಿ, ಅಂಗೈಯ ಅರ್ಧದಷ್ಟು ಕೆಂಪು ಕಲೆ. ಒಂದು ಅಂಚು ಹುಬ್ಬಿನವರೆಗೆ ಹರಿದಿತ್ತು. ಕಾಗದ ಉಬ್ಬಿಕೊಂಡು, ಮೇಲಿನ ನಾರು ಎದ್ದಿತ್ತು. ಯಾರೋ ಉಜ್ಜಿದ್ದರು.

ಅಂಕಲ್ ಇಂಗ್ಲಿಷಿನಲ್ಲಿ ಬಾಸ್‌ಗೆ ಹೇಳಿದರು, ತಾನು ಕವರ್ ತೆಗೆದಾಗಲೇ ಹೀಗಿತ್ತು, ಪಾರ್ಟಿಗೆ ಇಡಲೂ ಆಗಲಿಲ್ಲ ಅಂತ. ಆಮೇಲೆ ನನ್ನ ಕಡೆ ನೋಡದೆ ಇನ್ನೊಂದು ಮಾತು ಸೇರಿಸಿದರು. "ಇದು ಒಂದು ಥರ ರೆಡ್ ಪೌಡರ್. ನಮ್ಮ ಹೆಂಗಸರು ಹಣೆಗೆ ಹಾಕ್ತಾರೆ. ಇವಳೂ ಹಾಕಿದ್ದಾಳೆ ನೋಡಿ."

ಬಾಸ್ ನನ್ನ ಹಣೆ ನೋಡಿದರು.

ಆ ಕ್ಷಣ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೆ. ಕುಂಕುಮ ಅಂದರೆ ಏನು ಎಂದು ಗೊತ್ತಿಲ್ಲದ ಹೊರಗಿನವನು ಹೇಳಿದ್ದರೆ ನಾಲ್ಕು ಮಾತಲ್ಲಿ ಉತ್ತರ ಕೊಡುತ್ತಿದ್ದೆ. ಹೇಳಿದ್ದು ನಮ್ಮವರೇ. ನಮ್ಮವರಿಗೆ ಮಾತ್ರ ಗೊತ್ತಿರುವ ಜಾಗ ನೋಡಿ ಹೊಡೆದರು. ಯಾರೋ ಮಾಡಿದ್ದಕ್ಕೆ ನನ್ನ ತಲೆ ಮೇಲೆ ಗೂಬೆ ಕೂರಿಸಿ, ಬಾಸ್‌ಗೆ ಕೈಮುಗಿದು ಲಿಫ್ಟ್ ಹತ್ತಿ ಹೋದರು.

ಬಾಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಚಿತ್ರವನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ವರ್ಕ್‌ಶಾಪಿಗೆ ಬಂದ ಪ್ರತಿ ಕಾಗದಕ್ಕೂ ಒಂದು ಕಾರ್ಡ್ ಇರುತ್ತದೆ, ಬಂದಾಗ ಹೇಗಿತ್ತು, ಏನು ಮಾಡಿದೆವು, ಯಾರು ಮಾಡಿದರು ಎಲ್ಲ ಅದರಲ್ಲಿ. ದೊರೆಯ ಕಾರ್ಡಿನಲ್ಲಿ ಆವತ್ತಿನ ತಾರೀಖು ಹಾಕಿ "ಕೆಂಪು ಕಲೆ, ನಮ್ಮಲ್ಲಿ ಆದದ್ದು" ಎಂದು ಬರೆದು, ಮುಂದೆ ನನ್ನ ಹೆಸರು ಬರೆದರು. "ಪೇಪರ್ ಮುಟ್ಬೇಡ. ಮುಂದೆ ಕೂತು ರಟ್ಟು ಕತ್ತರಿಸು. ತಿಂಗಳ ಕೊನೆಗೆ ನೋಡೋಣ. ಬೇರೆಯವರೊಬ್ಬರನ್ನ ಕೇಳ್ತಿದ್ದೀನಿ."

ನಾನು ಮಾಡಿಲ್ಲ ಎಂದೆ. ಆಗ ಬಾಯಿ ಬಂತು. ಅವರು ತಲೆ ಆಡಿಸಿದರು. ಹೌದು ಅಂತಲೋ ಇಲ್ಲ ಅಂತಲೋ ಗೊತ್ತಾಗಲಿಲ್ಲ.

ಮನೆಯಲ್ಲಿ ಹೇಳಿದರೆ ಅಪ್ಪ ಟಿವಿಯ ವಾಲ್ಯೂಮ್ ಕಡಿಮೆ ಮಾಡಿದರು, ಅಷ್ಟೇ. ಅಮ್ಮ, "ಬಿಡು ಪುಟ್ಟಿ, ಹಬ್ಬದ ದಿನ ಜಗಳ ಬೇಡ. ಅವರು ನಮಗೆ ಎಷ್ಟು ಮಾಡಿದ್ದಾರೆ. ಏನೋ ಮಿಸ್ಟೇಕ್ ಆಗಿರತ್ತೆ" ಎಂದಳು.

"ಯಾರ ಮಿಸ್ಟೇಕ್ ಅಮ್ಮಾ?"

"ಯಾರದಾದ್ರೂ ಆಗ್ಲಿ. ನಿಂಗೆ ಬೇರೆ ಕೆಲಸ ಸಿಗಲ್ವಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಸಣ್ಣವಳಿದ್ದಾಗ ಅಮ್ಮನೇ ಹೇಳಿಕೊಟ್ಟಿದ್ದು. ಈಗ ಬರೆ ಹಾಕುವವರಿಗೆ ಅವಳೇ ಎಮ್ಮೆಯನ್ನು ಹಿಡಿದುಕೊಟ್ಟಂತಿತ್ತು. ಹಾಗಂತ ಹೇಳಿದೆ ಕೂಡ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಐದು ದಿನ ಮುಂದಿನ ಕೋಣೆಯಲ್ಲಿ ರಟ್ಟು ಕತ್ತರಿಸಿದೆ. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದರಾಚೆ ದೊರೆ ಆ ಕಲೆ ಹೊತ್ತು ಮಲಗಿದ್ದ. ಹೋಗಿ ನೋಡುವ ಹಕ್ಕೂ ನನಗಿರಲಿಲ್ಲ.

ಶನಿವಾರ ಅಂಕಲ್ ಮನೆಯಲ್ಲಿ ಗೊಂಬೆ ಕೂರಿಸಿದ್ದರು, ಅರಿಶಿನ-ಕುಂಕುಮಕ್ಕೆ ಕರೆ ಬಂದಿತ್ತು. ಹೌದು, ಅಷ್ಟೆಲ್ಲ ಆದ ಮೇಲೆ, ಆಂಟಿ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ ಕರೆಯನ್ನು ನಮಗೂ ಕಳಿಸಿದ್ದರು. ನಾನೂ ಬರುತ್ತೇನೆ ಎಂದಾಗ ಅಮ್ಮನಿಗೆ ಗಾಬರಿ. ಜಗಳ ಆಡಲ್ಲ ತಾನೇ ಎಂದು ಲಿಫ್ಟ್‌ನಲ್ಲಿ ಎರಡು ಸಲ ಕೇಳಿದಳು. ನಾನು ಮಹಡಿಯ ಗುಂಡಿ ಒತ್ತಿದೆ.

ಹಾಲ್ ತುಂಬ ರೇಷ್ಮೆ ಸೀರೆ. ಒಂಬತ್ತು ಮೆಟ್ಟಿಲ ಗೊಂಬೆ. ಆಂಟಿ ನನ್ನನ್ನು ನೋಡಿ ನಕ್ಕು, ತಕ್ಷಣ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಿಸಿಕೊಂಡರು. ಮೂಲೆಯ ಕುರ್ಚಿಯಲ್ಲಿ ಅಂಕಲ್ ಅವರ ತಾಯಿ ಕೂತಿದ್ದರು. ಎಂಬತ್ತಮೂರು ವರ್ಷ. ನಾವೆಲ್ಲ ಅಜ್ಜಿ ಅನ್ನುತ್ತೇವೆ. ಮಂಡ್ಯ ಕಡೆಯ ಗಟ್ಟಿ ಗಂಟಲು, ಇಂಗ್ಲಿಷ್ ಒಂದಕ್ಷರ ಬಾರದು. ನನ್ನನ್ನು ಕೈಬೀಸಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿನ್ ದೊರೆ ಎಲ್ಲವ್ನಮ್ಮ? ಕಟ್ಟು ಹಾಕ್ಸಕ್ಕೆ ಹೋಗವ್ನೆ ಅಂದ್ರು. ಇನ್ನೂ ಬರ್ನೇ ಇಲ್ವಲ್ಲ?"

"ಯಾವಾಗ ನೋಡಿದ್ರಿ ಅಜ್ಜಿ?"

"ನೋಡದೇನು, ಅಮಾಸೆ ದಿನ ಎಡೆ ಇಟ್ಟೆ ಅವ್ನಿಗೆ."

ನನ್ನ ಕಿವಿ ನೆಟ್ಟಗಾಯಿತು. ಅಜ್ಜಿ ಹೇಳುತ್ತ ಹೋದರು. ನವರಾತ್ರಿಗೆ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಅವರ ಮನೆಯಲ್ಲಿ ಆ ದಿನ ತೀರಿಕೊಂಡ ಹಿರಿಯರ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟು, ಹೂ ಮುಡಿಸಿ, ಅವರಿಗೆ ಇಷ್ಟವಾದ ಅಡುಗೆಯನ್ನು ಎಲೆಯ ಮೇಲೆ ಬಡಿಸಿ ಎಡೆ ಇಡುತ್ತಾರೆ. ಮಾವ, ಅತ್ತೆ, ಗಂಡ, ಎಲ್ಲರ ಫೋಟೋ ಹಾಲಿನ ಉದ್ದನೆಯ ಕಪಾಟಿನ ಮೇಲೆ ಇಟ್ಟರಂತೆ. ಅಲ್ಲಿ ಮೊದಲೇ ದೊರೆ ನಿಂತಿದ್ದ. ಹಿಂದಿನ ದಿನದ ಪಾರ್ಟಿಯಲ್ಲಿ ಲೈಟ್ ಹೊಳೆಯುತ್ತದೆ ಎಂದು ಅಂಕಲ್ ಹಾಳೆ ಕಿತ್ತಿದ್ದರು.

"ಯಾರ್ಲಾ ಇವ್ರು ಅಂತ ಮಗನ್ನ ಕೇಳ್ದೆ. ಅವ್ನು ಫೋನಲ್ಲಿ ಮಾತಾಡ್ತಿದ್ದ. ದೊಡ್ ಮನುಷ್ಯ ಕಣಮ್ಮ, ಹೋಗಿ ಇನ್ನೂರ್ ವರ್ಸ ಆಯ್ತು ಅಂದ. ಸರಿ, ಇನ್ನೂರ್ ವರ್ಸದ ಹಿರೀಕ್ರು ಪಕ್ಕದಲ್ಲೇ ನಿಂತವ್ರೆ, ಅವ್ರನ್ನ ಬಿಟ್ಟು ಮಿಕ್ಕೋರ್ಗೆ ಎಡೆ ಇಡಕ್ಕಾದದಾ? ಯಾರ್ ಮನೆಯೋರೋ ಏನೋ, ಅವ್ರಿಗ್ ಇಡೋರು ಅವ್ರೋ ಇಲ್ವೋ. ಅರಿಸ್ನ ಕಲಸಿ ಹಣೆಗ್ ಹಚ್ಚಿ, ಕುಂಕ್ಮ ಇಟ್ಟು, ಒಂದ್ ವಡೆ ಜಾಸ್ತಿ ಹಾಕ್ದೆ. ಬೋಳ್ ಹಣೇಲಿ ಕೂತಿದ್ದ ಪಾಪ, ಆಮೇಲ್ ಕಳೆ ಬಂತು."

ಉಸಲಿ ತಟ್ಟೆ ಹಿಡಿದು ಬಂದ ಆಂಟಿ ಅಲ್ಲೇ ನಿಂತುಬಿಟ್ಟರು. ಅವರ ಮುಖ ನೋಡಿದ ಮೇಲೆ ನನಗೆ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಎದ್ದು ನೇರ ಅಂಕಲ್ ಕೋಣೆಗೆ ಹೋದೆ. ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ನನ್ನನ್ನು ನೋಡಿ ಎದ್ದು ಬಾಗಿಲು ಮುಚ್ಚಿದರು.

"ಅಜ್ಜಿ ಎಲ್ಲಾ ಹೇಳಿದ್ರು ಅಂಕಲ್. ನಿಮಗೆ ಗೊತ್ತಿತ್ತು."

ಅವರು ಸುಳ್ಳು ಹೇಳಲಿಲ್ಲ. ಅದೊಂದು ಪುಣ್ಯ. "ನೋಡು ಪುಟ್ಟಿ, ಅಮ್ಮಂಗೆ ವಯಸ್ಸಾಗಿದೆ. ತಾನು ಹಾಳ್ ಮಾಡ್ದೆ ಅಂತ ಗೊತ್ತಾದ್ರೆ ಮನಸ್ಸಿಗೆ ಹಚ್ಕೊಂಡ್ಬಿಡ್ತಾರೆ. ನೀನು ಯಂಗ್ ಇದ್ದೀಯ. ಐ ವಿಲ್ ಟಾಕ್ ಟು ಸಮ್‌ಒನ್, ಇನ್ನೂ ಒಳ್ಳೇ ಜಾಬ್ ನೋಡೋಣ."

"ನನಗೆ ಬೇರೆ ಜಾಬ್ ಬೇಡ. ನಮ್ ಬಾಸ್‌ಗೆ ಫೋನ್ ಮಾಡಿ ಒಂದ್ ಮಾತ್ ಹೇಳಿ. ಮನೇಲಿ ಆಯ್ತು ಅಂತ. ಅಜ್ಜಿಗೆ ಯಾಕೆ ಗೊತ್ತಾಗ್ಬೇಕು?"

ಅಂಕಲ್ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. "ಏನಂತ ಹೇಳ್ಲಿ? ಪಾರ್ಟಿಗೆ ಬಂದೋರಿಗೆಲ್ಲ ಅದರ ಬಗ್ಗೆ ಅರ್ಧ ಗಂಟೆ ಲೆಕ್ಚರ್ ಕೊಟ್ಟಿದ್ದೀನಿ. ನಿಮ್ ಬಾಸ್ ನಮ್ ಆಫೀಸಿಗೆ ವಾರವಾರ ಬರ್ತಾರೆ. ಇಟಾಲಿಯನ್ ಎನ್‌ಗ್ರೇವಿಂಗ್ ತಂದು ಅದಕ್ಕೆ ವಡೆ ಇಟ್ಟು ಅರಿಶಿನ ಬಳಿಯೋ ಜನ ಅಂತ ಅಂದ್ಕೊಳ್ಳಲ್ವಾ ನಮ್ಮನ್ನ?"

ಆಗ ನನಗೆ ಎಲ್ಲ ಅರ್ಥವಾಯಿತು. ತಾಯಿಯ ಮನಸ್ಸಿನ ಮಾತು ಬರೀ ಮೂಗಿಗೆ ತುಪ್ಪ. ಈ ಮನುಷ್ಯನಿಗೆ ತನ್ನ ಮನೆಯ ಅರಿಶಿನದ ಬಗ್ಗೆ ನಾಚಿಕೆ. ಆ ನಾಚಿಕೆಯನ್ನು ಒರೆಸಿಕೊಳ್ಳಲು ನನ್ನ ಹಣೆ ಸಿಕ್ಕಿತು. ನಮ್ಮ ಹೆಂಗಸರು ಹಾಕಿಕೊಳ್ಳುತ್ತಾರೆ ಎಂದು ಬೆರಳು ತೋರಿಸಿದಾಗ ಅವರು ನಮ್ಮವರಾಗಿರಲಿಲ್ಲ, ಬಾಸ್ ಪಕ್ಕದಲ್ಲಿ ನಿಂತು ನನ್ನನ್ನು ನೋಡುತ್ತಿದ್ದ ಪರಕೀಯರಾಗಿದ್ದರು. ನನಗೆ ಆ ಲ್ಯಾಪ್‌ಟಾಪ್ ಎತ್ತಿ ನೆಲಕ್ಕೆ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. ಬಾಗಿಲು ತೆಗೆದು ಹೊರಗೆ ಬಂದೆ.

"ಯಾಕಮ್ಮ, ಕಣ್ಣೆಲ್ಲ ಕೆಂಪಾಗವೆ?" ಅಜ್ಜಿ ಕೇಳಿದರು.

ಹೇಳಬಾರದಿತ್ತು ಎಂದು ಅಮ್ಮ ಇಂದಿಗೂ ಅನ್ನುತ್ತಾಳೆ. ಹೇಳಿದೆ. ಅಷ್ಟೂ ರೇಷ್ಮೆ ಸೀರೆಗಳ ಮುಂದೆ, ಗೊಂಬೆಗಳ ಮುಂದೆ, ಮೆತ್ತಗೆ ಅಲ್ಲ. ಕಲೆ ಆದದ್ದು, ನನ್ನ ಮೇಲೆ ಹಾಕಿದ್ದು, ನನ್ನ ಕೆಲಸ ಹೋಗುವುದರಲ್ಲಿರುವುದು, ಎಲ್ಲ. ಅಜ್ಜಿಯ ಮುಖ ಇಳಿಯಿತು, ನಾನು ಅದನ್ನು ನೋಡಿದೆ, ನೋಡಿಯೂ ನಿಲ್ಲಿಸಲಿಲ್ಲ. ಅವರು ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಸೊಸೆಯ ಕಡೆ ಒಮ್ಮೆ, ಮುಚ್ಚಿದ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, "ಸೋಮಾರ ನೀನೇ ಬಂದು ನನ್ನ ಕರ್ಕೊಂಡೋಗು" ಎಂದರು. ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟಳು.

ಸೋಮವಾರ ಅಂಕಲ್ ಆಫೀಸಿಗೆ ಹೋದ ಮೇಲೆ ಟ್ಯಾಕ್ಸಿಯಲ್ಲಿ ಅಜ್ಜಿಯನ್ನು ಉಬಿಗೆ ಕರೆತಂದೆ. ಇಳಕಲ್ ಸೀರೆ ಉಟ್ಟು, ನನಗೆಂದು ತಾಂಬೂಲದ ಕವರ್ ಹಿಡಿದುಕೊಂಡಿದ್ದರು. ಗೊಂಬೆ ನೋಡಲು ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಿದ್ದು ಅವರಿಗೆ ಸರಿಬಂದಿರಲಿಲ್ಲ. ಮೂರನೇ ಮಹಡಿಯಲ್ಲಿ ಬಾಸ್ ಗಾಬರಿಯಾಗಿ ಕುರ್ಚಿ ತಂದು ಹಾಕಿದರು. ಇವರು ಚಿತ್ರದ ಯಜಮಾನರ ತಾಯಿ, ನಿಮಗೆ ಒಂದು ವಿಷಯ ಹೇಳಬೇಕಂತೆ ಎಂದೆ. ಬಾಸ್ ಒಳಗೆ ಹೋಗಿ ಚಿತ್ರ ತಂದು ಮೇಜಿನ ಮೇಲಿಟ್ಟರು.

ಅಜ್ಜಿ ಬಗ್ಗಿ ನೋಡಿದರು. ಅವರ ಬಾಯಿಂದ ಮೊದಲು ಬಂದದ್ದು ಕ್ಷಮೆಯಲ್ಲ. "ಇದುಕ್ಕೆ ಸೋಪ್ ಹಾಕ್ದೋರ್ ಯಾರು?"

ಬಾಸ್ ನನ್ನ ಮುಖ ನೋಡಿದರು. ಇನ್ನು ಮುಂದೆ ಆದದ್ದು ಎಂಥ ಪಜೀತಿ ನೋಡಿ. ನನ್ನ ಪರವಾಗಿ ಇರುವ ಸಾಕ್ಷಿ ಒಬ್ಬರೇ, ಅವರ ಮಾತನ್ನು ಬಾಸ್‌ಗೆ ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನೇ. ಕಳ್ಳಿಯ ಸಾಕ್ಷಿಯನ್ನು ಕಳ್ಳಿಯೇ ಓದಿ ಹೇಳಿದ ಹಾಗೆ. ಅಮಾವಾಸ್ಯೆ, ಎಡೆ, ವಡೆ, ಒಂದೊಂದನ್ನೂ ಹೇಳುವಾಗ ನನ್ನ ಕಿವಿಗೇ ಅದು ಕಟ್ಟುಕತೆಯ ಹಾಗೆ ಕೇಳಿಸುತ್ತಿತ್ತು. ಬಾಸ್ ಮುಖದಲ್ಲಿ ಏನೂ ಕಾಣಲಿಲ್ಲ.

ಅಜ್ಜಿಗೆ ಅನುಮಾನ ಬಂತು. "ನಾ ಹೇಳಿದ್ ಅಷ್ಟೂ ಹೇಳ್ದೇನಮ್ಮ? ನಂಬಿದಂಗ್ ಕಾಣಲ್ಲ ಈವಯ್ಯ" ಎಂದು ಎದ್ದರು. ತಾಂಬೂಲದ ಕವರ್ ಬಿಚ್ಚಿ ಅರಿಶಿನದ ಪೊಟ್ಟಣ ತೆಗೆದರು. ಕತ್ತರಿಸಿ ಬಿಸಾಡಿದ್ದ ಕಾಗದದ ಚೂರೊಂದನ್ನು ಎತ್ತಿಕೊಂಡು, ಬೆರಳು ಒದ್ದೆ ಮಾಡಿ, ಅರಿಶಿನ ಅದ್ದಿ, ಅದರ ಮೇಲೆ ಅಡ್ಡಕ್ಕೆ ಎಳೆದರು. ಹಳದಿ ಗೆರೆ. ಮೂಲೆಯ ಸಿಂಕ್ ಹತ್ತಿರ ಹೋಗಿ ಕೈತೊಳೆಯುವ ಸೋಪನ್ನು ಹನಿಸಿ ಉಜ್ಜಿದರು. ಹಳದಿ ಕಣ್ಣೆದುರೇ ಕೆಂಪಾಯಿತು, ಅಂಚು ಹರಡಿತು, ಕಾಗದದ ನಾರು ಎದ್ದಿತು. ಅದನ್ನು ತಂದು ದೊರೆಯ ಹಣೆಯ ಪಕ್ಕದಲ್ಲಿ ಹಿಡಿದರು. ಎರಡೂ ಒಂದೇ ಕೆಂಪು. ಬಿಳೀ ಬಟ್ಟೆಗೆ ಸಾರು ಚೆಲ್ಲಿಕೊಂಡ ಪ್ರತಿ ಕನ್ನಡದ ಮನೆಗೂ ಗೊತ್ತಿರುವ ವಿಷಯ. ಐದು ದಿನ ರಟ್ಟು ಕತ್ತರಿಸುತ್ತ ಕೂತ ನನಗೆ ಹೊಳೆದಿರಲಿಲ್ಲ.

"ಸೊಸೆ ತೊಳ್ಯಕ್ ಹೋಗವ್ಳೆ, ಹೆದ್ರಿ. ಹಳ್ದೀಲಿ ಬಿಟ್ಟಿದ್ರೆ ಬಿಸ್ಲಿಗ್ ಇಟ್ರೆ ಹೋಗ್ಬುಡ್ತಿತ್ತು. ಹೇಳು ಅವ್ರಿಗೆ."

ಹೇಳಿದೆ. ಈ ಹುಡುಗಿ ಮಾಡಿದ್ದಲ್ಲ, ನಾನು ಮಾಡಿದ್ದು ಅಂತ ಹೇಳು ಎಂದರು. ಅದನ್ನೂ ಹೇಳಿದೆ.

ಬಾಸ್ ಕಾಗದದ ಚೂರನ್ನು ಕೈಗೆ ತೆಗೆದುಕೊಂಡು ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟರು. "ಐ ನೋ, ಲಾ. ಮೊದಲ ದಿನಾನೇ ಗೊತ್ತು. ಪೇಪರ್‌ಗೆ ಲೆಮನ್ ವಾಸನೆ ಇತ್ತು, ಪಾತ್ರೆ ತೊಳೆಯೋ ಸೋಪ್‌ದು. ನಮ್ಮ ಶಾಪ್‌ನಲ್ಲಿ ಆ ಸೋಪ್ ಇಲ್ಲ."

ನಾನು ಏನು ಕೇಳಿಸಿಕೊಂಡೆ ಅನ್ನುವುದು ತಕ್ಷಣ ತಲೆಗೆ ಹೋಗಲಿಲ್ಲ. "ಗೊತ್ತಿದ್ದೂ ಕಾರ್ಡಿನಲ್ಲಿ ನನ್ನ ಹೆಸರು ಬರೆದಿರಾ?"

"ಕಸ್ಟಮರ್ ಅಂದ್ರೆ ಕಸ್ಟಮರ್. ಅವರ ಬ್ಯಾಂಕ್ ಕೆಲಸ ಇದೆ. ಒಂದ್ ತಿಂಗಳು ಸುಮ್ಮನಿದ್ರೆ ಎಲ್ಲಾ ತಣ್ಣಗಾಗತ್ತೆ ಅಂದ್ಕೊಂಡೆ."

"ಬೇರೆಯವರನ್ನ ಕೇಳ್ತಿದ್ದೀನಿ ಅಂದ್ರಿ."

ಅವರು ಆ ಕಾಗದದ ಚೂರನ್ನು ಮತ್ತೆ ಎತ್ತಿ ನೋಡತೊಡಗಿದರು.

"ಏನಂದ್ರಮ್ಮ?" ಅಜ್ಜಿ ನನ್ನ ಸೆರಗು ಹಿಡಿದಂತೆ ಅಂಗಿಯ ತುದಿ ಹಿಡಿದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ, ಒಂದಕ್ಷರ ಬಿಡದೆ. ಮೊದಲ ದಿನವೇ ಗೊತ್ತಿತ್ತಂತೆ. ಅಜ್ಜಿ ಬಾಸ್ ಕಡೆ ತಿರುಗಿದರು. ಆಮೇಲೆ ನನಗಲ್ಲ, ನೇರ ಅವರಿಗೇ, ಕನ್ನಡದಲ್ಲೇ ಹೇಳಿದರು. "ನಾನ್ ತಿಳೀದೆ ಮಾಡ್ದೆ. ನನ್ ಮಗ ಹೆದ್ರಿ ಮಾಡ್ದ. ನೀವು ತಿಳ್ದೂ ತಿಳ್ದೂ ಮಾಡಿದ್ರಿ."

"ವಾಟ್ ಶಿ ಸೇ?" ಬಾಸ್ ಕೇಳಿದರು.

ಅದನ್ನು ನಾನು ಇಂಗ್ಲಿಷಿಗೆ ತಂದೆ. ಅವರ ಕಣ್ಣು ನೋಡಿಕೊಂಡು, ನಿಧಾನವಾಗಿ, ಮೂರು ವಾಕ್ಯಗಳನ್ನೂ. ಹೇಳುತ್ತ ಹೇಳುತ್ತ ಅದು ಅಜ್ಜಿಯ ಮಾತು ಅನ್ನುವುದು ಮರೆತೇ ಹೋಯಿತು.

ಬಾಸ್ ಕನ್ನಡಕ ಸರಿಮಾಡಿಕೊಂಡರು. ಒಳಗಿನ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತರು. "ಸರಿ. ಇವತ್ತಿನಿಂದಲೇ ಪೇಪರ್ ರೂಮ್ ನಿನ್ನದು. ಬೇರೆ ಯಾರೂ ಬರಲ್ಲ. ಈ ವಿಷಯ ಮಾತ್ರ ಇಲ್ಲಿಗೇ ಬಿಡು, ಓಕೆ? ಅವರಿಗೆ ನಾನೇ ಏನೋ ಒಂದು ಹೇಳ್ಕೋತೀನಿ."

ಬಾಗಿಲಾಚೆ ನನ್ನ ಉದ್ದದ ಮೇಜು ಕಾಣುತ್ತಿತ್ತು. ವಾರದಿಂದ ನಾನು ಬೇಡಿಕೊಂಡದ್ದು ಅದನ್ನೇ. ಈಗ ಅದನ್ನು ಕೊಡುತ್ತಿದ್ದದ್ದು ನಾನು ಒಳ್ಳೆಯ ಕೆಲಸಗಾರ್ತಿ ಎಂದಲ್ಲ, ಬಾಯಿ ಮುಚ್ಚಿಕೊಂಡಿರಲಿ ಎಂದು. ಸಿಟ್ಟು ನೆತ್ತಿಗೇರಿತು. ನಾನು ಒಳಗೆ ಹೋಗಲಿಲ್ಲ.

"ಕಾರ್ಡ್ ತನ್ನಿ. ನನ್ನ ಹೆಸರು ಹೊಡೆದು ಹಾಕಿ. ಏನು ನಡೀತೋ ಅದನ್ನ ನಿಮ್ಮ ಕೈಯಲ್ಲೇ ಬರೀರಿ. ಅದರ ಕಾಪಿ ಅವರಿಗೂ ಹೋಗ್ಬೇಕು" ಎಂದೆ.

"ಬರೆಯೋದು ಯಾಕೆ? ರೂಮ್ ಕೊಟ್ಟೆನಲ್ಲ."

"ಬರೆಯದಿದ್ರೆ ನಾನು ಈ ರೂಮಿಗೆ ಕಾಲಿಡಲ್ಲ. ಈಗಲೇ ಇವರ ಜೊತೆ ಲಿಫ್ಟ್ ಹತ್ತಿ ಹೋಗ್ತೀನಿ."

ಕೆಳಗೆ ಯಾರೋ ಕಾರಿನ ಬಾನೆಟ್ ಬಡಿಯುತ್ತಿದ್ದರು.

"ಆಯ್ತೇನಮ್ಮ? ಹೋಗನಾ?" ಅಜ್ಜಿ ಚೀಲ ಹೆಗಲಿಗೇರಿಸಿ ಕೇಳಿದರು.

"ಇಲ್ಲ ಅಜ್ಜಿ, ಇನ್ನೂ ಆಗಿಲ್ಲ. ಕೂತ್ಕೊಳ್ಳಿ."

ಅಜ್ಜಿ ಕೂತರು. ಬಾಸ್ ನಮ್ಮಿಬ್ಬರ ಮುಖವನ್ನೂ ನೋಡಿದರು, ಆಮೇಲೆ ಅಂಗಿಯ ಜೇಬು ತಡಕಿ, ಮೇಜಿನ ಡ್ರಾಯರ್ ಎಳೆದು, ಪೆನ್ ಹುಡುಕತೊಡಗಿದರು.